ಆಕಾಶದ ಕಲ್ಲಿಗೆ ಅವ್ವನ ಹೆಪ್ಪು

ಶಿವನಿಗೆ ನಗಬೇಕು ಅನ್ನಿಸಿದಾಗ ಅವನು ಯಾವನಾದರೊಬ್ಬ ಮಾಸ್ತರನ ಮನೆಯ ಕಡೆ ಕಣ್ಣು ಹಾಯಿಸುತ್ತಾನೆ ಎಂದು ನನಗೆ ಮೊದಲಿನಿಂದಲೂ ಗುಮಾನಿ. ಇಲ್ಲವಾದರೆ ಇಂಥವೆಲ್ಲ ನಮ್ಮ ಮನೆಯಲ್ಲೇ ಏಕೆ ನಡೆಯಬೇಕು? ನಾನು ಮೊದಲು ಗೋಕಾಕದಲ್ಲಿ, ಆಮೇಲೆ ಮೂಡಲಗಿಯಲ್ಲಿ, ಕಡೆಗೆ ಹುಕ್ಕೇರಿಯಲ್ಲಿ ಹೈಸ್ಕೂಲಿನ ಹುಡುಗರಿಗೆ ವಿಜ್ಞಾನ ಹೇಳಿಕೊಟ್ಟವನು. ಮುಂಜಾನೆ ಪೂಜೆ, ಹಗಲೆಲ್ಲ ಆಮ್ಲಜನಕ, ಸಂಜೆ ಮತ್ತೆ ಪೂಜೆ. ಎರಡರ ನಡುವೆ ಎಂದಾದರೂ ಜಗಳ ಬಂದದ್ದು ನನಗೆ ನೆನಪಿಲ್ಲ. ಹೊತ್ತು ಮುಳುಗುವಾಗ ಮಾಳಿಗೆಯ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿ, ಒಂದೊಂದೇ ಚುಕ್ಕಿ ಕಣ್ಣು ಬಿಡುವುದನ್ನು ನೋಡುವುದು ನನ್ನ ಚಟ. ಇಷ್ಟೆಲ್ಲ ಮಾಡಿದವನು ನಮ್ಮದೊಂದೇ ಭೂಮಿಗೆ ಜೀವ ಕೊಟ್ಟು ಕೈ ತೊಳೆದುಕೊಂಡಾನೆಯೇ ಎಂದು ಯೋಚಿಸುತ್ತ ಮಲಗಿದರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಮುಂದಿನದೆಲ್ಲ ಆ ಚಟದಿಂದಲೇ ಆದದ್ದು.

ಮಲಗಿದ ಮೊಸರು

ನಮ್ಮ ಅವ್ವನ ತವರು ತುಕ್ಕಾನಟ್ಟಿ. ಮದುವೆಯಾಗಿ ಗೋಕಾಕಕ್ಕೆ ಬರುವಾಗ ಅವಳ ತಾಯಿ ಸೀರೆ, ಬಟ್ಟಲುಗಳ ಜೊತೆಗೆ ಒಂದು ಅರಿವೆಯ ತುಣುಕನ್ನೂ ಕೊಟ್ಟಿದ್ದಳಂತೆ. ಬಿಳಿ ಅರಿವೆಯನ್ನು ಗಟ್ಟಿ ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಹಪ್ಪಳದಂತೆ ಒಣಗಿಸಿ, ಮಡಿಚಿದ್ದು. ಗಂಡನ ಮನೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಅದನ್ನು ಬಿಟ್ಟರೆ ಮುಂಜಾನೆ ತವರಿನದೇ ಮೊಸರು. ಅಂದಿನಿಂದ ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾಗುತ್ತ ಬಂದಿತ್ತು. ಸರಪಳಿ ಒಂದು ದಿನವೂ ಕಡಿದಿರಲಿಲ್ಲ. ಸೋಮವಾರ ಶಿವನಿಗೆ ಆ ಮೊಸರಿನದೇ ಎಡೆ. ಅದು ತಪ್ಪಿದ ದಿನ ತನ್ನ ತವರು ತೀರಿದಂತೆ ಎಂದು ಅವ್ವ ಹೇಳುತ್ತಿದ್ದಳು. ಮಾತಿನಲ್ಲಿ ಹುಸಿಯಿರಲಿಲ್ಲ. ತುಕ್ಕಾನಟ್ಟಿಯಲ್ಲಿ ಅವಳ ಅಣ್ಣ ಹೋಗಿಬಿಟ್ಟಿದ್ದ. ಅವನ ಮಕ್ಕಳು ಎಮ್ಮೆ ಮಾರಿ, ಚಹಾದ ರೂಢಿಗೆ ಬಿದ್ದು, ಮೊಸರು ಮಾಡುವುದನ್ನೇ ಬಿಟ್ಟಿದ್ದರು. ತವರು ಅಂತ ಉಳಿದದ್ದು ನಮ್ಮ ನೆಲುವಿನ ಮೇಲೆ ತೂಗುವ ಗಡಿಗೆಯಲ್ಲಿ ಮಾತ್ರ.

ಓಣಿಯಲ್ಲಿ ಯಾರಿಗಾದರೂ ಕೊಟ್ಟಿದ್ದಳೇ ಎಂದರೆ ಅದೂ ಇಲ್ಲ. ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಹೊಸ್ತಿಲು ದಾಟಬಾರದು ಎಂದು ನಮ್ಮ ಕಡೆ ನೇಮ. ಹಾಲಿಗೆ ಹೆಪ್ಪು ಹಾಕುವುದು ದೀಪ ಹಚ್ಚಿದ ಮೇಲೆಯೇ, ಹೀಗಾಗಿ ಹೆಪ್ಪು ಕೇಳುವವರು ಬರುವುದೂ ಆ ಹೊತ್ತಿಗೇ. ಮುಂಜಾನೆ ಬಂದರೆ ಇನ್ನೂ ದೇವರ ಎಡೆ ಆಗಿರುತ್ತಿರಲಿಲ್ಲ. ಮಧ್ಯಾಹ್ನ ಹೆಪ್ಪು ಯಾರು ಕೇಳುತ್ತಾರೆ? ಅವ್ವ ಯಾರಿಗೂ ಇಲ್ಲವೆಂದವಳಲ್ಲ. ಹೊತ್ತು ಮಾತ್ರ ಕೂಡಿ ಬರುತ್ತಿರಲಿಲ್ಲ.

ಗೋಕಾಕದಿಂದ ಮೂಡಲಗಿಗೆ ನನ್ನ ವರ್ಗವಾದಾಗ ಅವ್ವ ತಾನೂ ಒಂದು ಅರಿವೆ ಅದ್ದಿ ಒಣಗಿಸಿದಳು. ಬಸ್ಸಿನಲ್ಲಿ ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತವಳನ್ನು ಕಂಡು ಕಂಡಕ್ಟರನಿಗೆ ಏನೋ ಸಂಶಯ. ಅಜ್ಜಿಯ ಕೈಯಲ್ಲಿ ಏನಿದೆ ಎಂದು ಕೇಳಿದ.

"ಮೊಸರು," ಅಂದಳು ಅವ್ವ.

ಕಂಡಕ್ಟರ ಬಗ್ಗಿ ನೋಡಿದ. ಒಣಗಿದ ಅರಿವೆ. "ಎಲ್ಲೈತ್ರಿ ಮೊಸರು?"

"ಮಲಗೇತಿ. ಮೂಡಲಗಿಗೆ ಹೋದ ಮ್ಯಾಲೆ ಎಬ್ಬಸ್ತೀನಿ."

ಅವನು ಟಿಕೀಟು ಹರಿದುಕೊಟ್ಟು ನನ್ನ ಕಿವಿಯ ಹತ್ತಿರ ಬಂದು ಬಹಳ ಮೆತ್ತಗೆ ಕೇಳಿದ: "ಸರ, ಅಜ್ಜಿ ಹಿಂಗ ಎಷ್ಟ ದಿನದಿಂದ ಅದಾರ?"

ಶ್ರಾವಣದ ಉಪನ್ಯಾಸ

ಮೂಡಲಗಿಯ ಮಠದಲ್ಲಿ ಶ್ರಾವಣ ತಿಂಗಳ ಪೂರ್ತಿ ಸಂಜೆ ಪುರಾಣ ಹೇಳಿಸುತ್ತಿದ್ದರು. ರಷ್ಯಾದವರು ಆಕಾಶಕ್ಕೆ ನಾಯಿ ಕಳಿಸಿದ ಮುಂದಿನ ವರ್ಷ ಸ್ವಾಮಿಗಳು ನನ್ನನ್ನು ಕರೆಸಿದರು. ಮೇಲೆ ಏನೇನಿದೆ ಎಂದು ಜನ ದಿನಾಲೂ ತಮ್ಮನ್ನೇ ಕೇಳುತ್ತಿದ್ದಾರೆಂದೂ, ಪುರಾಣ ಶುರುವಾಗುವ ಮೊದಲು ಅರ್ಧ ತಾಸು ನಾನೇ ಅವರನ್ನು ಸಂಭಾಳಿಸಬೇಕೆಂದೂ ಅಪ್ಪಣೆಯಾಯಿತು.

ಆ ದಿನಗಳಲ್ಲಿ ಒಂದು ಇಂಗ್ಲಿಷ್ ಮಾಸಿಕದಲ್ಲಿ ನಾನು ಓದಿದ ವಿಷಯ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಅದನ್ನೇ ಹೇಳಿದೆ. ಯಾವುದೋ ಗ್ರಹಕ್ಕೆ ದೊಡ್ಡದೊಂದು ಬಂಡೆ ಬಂದು ಬಡಿಯುತ್ತದೆ. ಆ ಹೊಡೆತಕ್ಕೆ ಅಲ್ಲಿಯ ಕಲ್ಲುಗಳು ಸಿಡಿದು ಆಕಾಶಕ್ಕೆ ಹಾರುತ್ತವೆ. ಒಂದು ಕಲ್ಲಿನ ಸೀಳಿನೊಳಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇದ್ದವೆಂದು ತಿಳಿಯಿರಿ. ಹೊರಗೆ ಗಾಳಿಯಿಲ್ಲ, ನೀರಿಲ್ಲ. ನೆರಳಿಗೆ ಬಂದರೆ ಹೇಳಲಾರದ ಚಳಿ, ಬಿಸಿಲಿಗೆ ಬಂದರೆ ಜೀವ ಸುಡುವ ಕಿರಣ. ಆದರೆ ಕಲ್ಲಿನ ಹೊಟ್ಟೆಯಲ್ಲಿ ಕತ್ತಲು, ಶಾಂತಿ. ಅವು ಮೈಯೊಳಗಿನ ನೀರನ್ನು ಬಿಟ್ಟುಕೊಟ್ಟು, ನೆಲದಡಿಯ ಹಗೇವಿನೊಳಗಿನ ಜೋಳದ ಕಾಳಿನಂತೆ ಮಲಗಿಬಿಡುತ್ತವೆ. ಕಲ್ಲು ತೇಲುತ್ತ ಇರುತ್ತದೆ. ಇಲ್ಲಿ ಎಷ್ಟೋ ರಾಜರು ಬಂದು ಹೋಗುತ್ತಾರೆ, ನದಿಗಳು ದಾರಿ ಬದಲಿಸುತ್ತವೆ, ಅವು ಮಲಗಿಯೇ ಇರುತ್ತವೆ. ಕಡೆಗೊಂದು ದಿನ ಕಲ್ಲು ನಮ್ಮ ಕಡೆ ಬೀಳುತ್ತದೆ. ಬೀಳುವಾಗ ಮೈ ಕಾದು ಉರಿದರೂ ಅದು ಕ್ಷಣದ ಮಾತು. ಒಲೆಗೆ ಹಾಕಿದ ಕೂಡಲೇ ತೆಗೆದ ಬದನೆಕಾಯಿಯಂತೆ, ಸಿಪ್ಪೆ ಸುಟ್ಟರೂ ಒಳಗಿನದು ಹಸಿಯೇ. ಹೀಗೆ ಆಗಿಯೇ ಇದೆ ಎಂದು ಯಾರೂ ಕಂಡಿಲ್ಲ, ಆಗಬಹುದು ಅನ್ನುತ್ತಾರೆ, ಎಂದೂ ಹೇಳಿದೆ. ಆಗಬಹುದು ಅನ್ನುವ ಮಾತಿನಲ್ಲೇ ನನಗೆ ದೇವರ ಕೈ ಕಾಣುತ್ತದೆ.

ಕಂಬಕ್ಕೆ ಒರಗಿದ್ದ ಅವ್ವ ನನ್ನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು. ಅನ್ನ ನೀರು ಬಿಟ್ಟು, ಮಾತು ಬಿಟ್ಟು, ಕತ್ತಲಲ್ಲಿ ಒಂದೇ ಆಸನದಲ್ಲಿ ಕುಳಿತು ಬರುವುದೆಂದರೆ ಎಂಥ ತಪಸ್ಸು ಎಂದರು. ಎಲ್ಲರೂ ಕೈ ಮುಗಿದರು.

ಆಗ ನಾಗನೂರಿನಿಂದ ಪುರಾಣಕ್ಕೆಂದು ಬರುತ್ತಿದ್ದ ರೈತನೊಬ್ಬ ಎದ್ದುನಿಂತ. "ಅಲ್ರಿ ಮಾಸ್ತರ, ಇಷ್ಟ ತಪಸ್ಸ ಮಾಡಿ ಇಲ್ಲಿ ಇಳದ ಕೂಡಲೇ ಏನ್ ಮಾಡತಾವ್ರಿ?"

ಬೆಚ್ಚಗಿನ ಜಾಗ, ಊಟ ಸಿಕ್ಕರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಹೊತ್ತು ಮುಳುಗುವುದರೊಳಗೆ ಲಕ್ಷಗಟ್ಟಲೆ ಆಗಬಹುದು ಎಂದೆ.

ರೈತ ಸ್ವಾಮಿಗಳ ಕಡೆ ತಿರುಗಿದ. "ನೋಡ್ರಿ ಅಪ್ಪಾರ, ಮಠದಾಗ ಇರೂಮಟ ಎಲ್ಲಾರೂ ಸನ್ಯಾಸಿಗಳ. ಹೊರಗ ಬಂದ್ರ ಸಂಸಾರ ಹಿಡದದ್ದ."

ಅಂದು ಪುರಾಣ ತಡವಾಗಿ ಶುರುವಾಯಿತು. ಸ್ವಾಮಿಗಳ ನಗೆಯೇ ನಿಲ್ಲಲಿಲ್ಲ.

ಬದುವಿನ ಮೇಲೆ ಬಂದವರು

ದಸರೆ ಮುಗಿದಿತ್ತು. ಒಂದು ಮುಂಜಾನೆ ಪೂಜೆ ಮುಗಿಸಿ ವಿಭೂತಿ ಒಣಗುವ ಮುಂಚೆಯೇ ಅದೇ ನಾಗನೂರಿನ ರೈತ ಬಂಡಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಮಾಸ್ತರ, ನೀವು ಹೇಳಿದವರು ಬಂದಾರ್ರಿ."

"ಯಾರಪಾ?"

"ಮ್ಯಾಲಿನವರು."

ಹಿಂದಿನ ಸಂಜೆ ದನ ಮನೆಗೆ ತಿರುಗುವ ಹೊತ್ತಿಗೆ ಬೆಂಕಿಯ ಗೆರೆಯೊಂದು ಅವನ ಜೋಳದ ಹೊಲದ ಕಡೆ ಇಳಿದದ್ದನ್ನು ಕಂಡಿದ್ದನಂತೆ. ಬೆಳಗಾಗುತ್ತಲೇ ಹೋಗಿ ನೋಡಿದರೆ ತೆಂಗಿನಕಾಯಿಯಷ್ಟು ದೊಡ್ಡ ಕರಿ ಕಲ್ಲು, ಮೈತುಂಬ ಸಣ್ಣ ಸಣ್ಣ ಕುಳಿ. ಯಾರೂ ಮುಟ್ಟಬಾರದು, ತೊಳೆಯಬಾರದು, ಒಳಗೆ ಏನಿದೆಯೆಂದು ಮೊದಲು ಪರೀಕ್ಷೆ ಮಾಡಬೇಕು ಎಂದು ಹೇಳುತ್ತಿದ್ದೆ. ಒಳಗಿನಿಂದ ಅವ್ವ ಒಂದು ಬಟ್ಟಲು ಮೊಸರು ಹಿಡಿದುಕೊಂಡು ಬಂದಳು. ಹೊಸ್ತಿಲು ದಾಟಿ ನೇರ ಬಂಡಿ ಹತ್ತಿದಳು.

"ಪರೀಕ್ಷಾ ಆಮ್ಯಾಲ ಮಾಡುವಂತಿ," ಅಂದಳು. "ಅಷ್ಟ ವರ್ಷದ ಉಪಾಸ ಬಂದಾವಂತ ನೀನ ಹೇಳೀದಿ. ಮೊದಲ ಉಣ್ಣಲಿ."

ನಾವು ಮುಟ್ಟುವುದರೊಳಗೆ ನಾಗನೂರು ಕಲ್ಲನ್ನು ಮುಟ್ಟಿಬಿಟ್ಟಿತ್ತು. ಕಲ್ಲಿಗೆ ವಿಭೂತಿ, ಕುಂಕುಮ, ದಾಸವಾಳ. ರೈತನ ಹೆಂಡತಿ ಹಾಲು, ತುಪ್ಪ, ಜೇನು, ಸಕ್ಕರೆ ಎಲ್ಲ ಎರೆದು, ಮನೆಯ ಮೊಸರು ಹುಳಿಯಾಗಿದೆಯೆಂದು ಪಂಚಾಮೃತದ ಐದನೆಯದಕ್ಕೆ ದಾರಿ ಕಾಯುತ್ತಿದ್ದಳು. ಅವ್ವ ಬಟ್ಟಲು ಬಗ್ಗಿಸಿದಳು. ಮೊಸರು ನಿಧಾನವಾಗಿ ಒಂದೊಂದೇ ಕುಳಿಯೊಳಗೆ ಇಳಿಯಿತು. ಕಲ್ಲಿನ ಮೇಲೆ ಕೈಯಿಟ್ಟು, ಮೊಮ್ಮಗನಿಗೆ ಹೇಳಿದಂತೆ, ಅವಸರ ಮಾಡದೆ ಉಣ್ಣಲು ಹೇಳಿದಳು. ನನ್ನ ವಿಜ್ಞಾನ ಅಲ್ಲೇ ಕೈ ಕಟ್ಟಿ ನಿಂತಿತು. ಬೆಳಗಿನ ಬಿಸಿಲು, ಇಬ್ಬನಿ ಕುಡಿದ ಜೋಳ, ಎಲ್ಲಿಂದಲೋ ಬಂದ ಕಲ್ಲಿಗೆ ನಮ್ಮವ್ವನ ತವರಿನ ಊಟ. ಅಲ್ಲಿ ಏನು ತಪ್ಪಾಗುತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬಾಯಿ ಬಂದದ್ದು ಪಕ್ಕದ ಹೊಲದವನಿಗೆ. ಕಲ್ಲು ಬಿದ್ದದ್ದು ಎರಡು ಹೊಲಗಳ ನಡುವಿನ ಬದುವಿನ ಮೇಲೆ, ಆದ್ದರಿಂದ ಅರ್ಧ ದೇವರು ತನ್ನದು ಎಂದು ಅವನ ವಾದ. ಇಬ್ಬರಿಗೂ ಮಾತು ಬೆಳೆಯಿತು. ಕಡೆಗೆ ನಮ್ಮ ರೈತ ನನ್ನ ಕಡೆ ತಿರುಗಿದ:

"ಮಾಸ್ತರ, ನೀವ ಹೇಳಿಬಿಡ್ರಿ. ಮ್ಯಾಲಿಂದ ಹೊಂಡೂಮುಂದ ಯಾರ ಹೊಲಕ್ಕಂತ ಹೊಂಟಿತ್ತು?"

ಸಾಲು ಹಚ್ಚಿ ದರ್ಶನ

ಅದಾದ ಮೇಲೆ ಅವ್ವನಿಂದ ಪ್ರತಿ ಸೋಮವಾರ ನಾಗನೂರಿಗೆ ಒಂದು ಬಟ್ಟಲು ಮೊಸರು ತಪ್ಪದೆ ಹೋಗತೊಡಗಿತು. ಇದರ ನಡುವೆ ನಾನು ಪರೀಕ್ಷೆಯ ಕೆಲಸಕ್ಕೆಂದು ಗೋಕಾಕಕ್ಕೆ ಹೋದೆ. ತಿರುಗಿ ಬಂದು ನೋಡಿದರೆ ನಮ್ಮ ಶಾಲೆಯ ಮುಂದೆ ಸಂತೆ ನೆರೆದಂತೆ ಜನ. ಕೈಯಲ್ಲಿ ಹೂವು, ಕರ್ಪೂರ.

ನಮ್ಮ ಹೆಡ್‌ಮಾಸ್ತರರು ಉತ್ಸಾಹದ ಮನುಷ್ಯ. ನಾನಿಲ್ಲದಾಗ ಕಲ್ಲನ್ನು ಬಂಡಿಯಲ್ಲಿ ತರಿಸಿ, ಒಂದು ಕುಳಿಯೊಳಗಿನದನ್ನು ಕೆರೆದು, ಶಾಲೆಯಲ್ಲಿದ್ದ ಒಂದೇ ಒಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ್ದರು. ಕಡ್ಡಿಯಂಥವು, ಮಣಿಸರದಂಥವು, ಲೆಕ್ಕವಿಲ್ಲದಷ್ಟು ಜೀವಗಳು ಮಿಣಮಿಣ ಅಲುಗುತ್ತಿದ್ದವು. ಅವರು ಪ್ರಾರ್ಥನೆಯ ಹೊತ್ತಿಗೆ ಹುಡುಗರ ಮುಂದೆ, ಬೇರೆ ಲೋಕದ ಅತಿಥಿಗಳು ನಮ್ಮ ಶಾಲೆಗೆ ಆಗಮಿಸಿದ್ದಾರೆಂದು ಸಾರಿಬಿಟ್ಟರು. ಹುಡುಗರು ಮನೆಯಲ್ಲಿ ಹೇಳಿದರು. ಮರುದಿನದಿಂದ ದರ್ಶನ.

ಜನ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ನೋಡಿ, ಕೆನ್ನೆ ಬಡಿದುಕೊಳ್ಳುತ್ತಿದ್ದರು. ಒಬ್ಬ ಮುದುಕ ಬಹಳ ಹೊತ್ತು ನೋಡಿ, ಯಾರೂ ಸುಮ್ಮನೆ ಕೂತಿಲ್ಲ, ಊರು ಚಲೋ ಇರಬೇಕು ಎಂದ. ಒಬ್ಬಾಕೆ ಆರತಿಯನ್ನು ಎಷ್ಟು ಹತ್ತಿರ ತಂದಳೆಂದರೆ ಹೆಡ್‌ಮಾಸ್ತರರು ಮಸೂರಕ್ಕೆ ಅಡ್ಡ ನಿಂತು ತಾವೇ ಆರತಿ ಮಾಡಿಸಿಕೊಳ್ಳಬೇಕಾಯಿತು.

ಸುದ್ದಿ ಕೇಳಿ ಬೆಳಗಾವಿಯ ಕಡೆಯಿಂದ ಕಾಲೇಜಿನ ಪ್ರೊಫೆಸರರೊಬ್ಬರು ಬಂದರು. ಕಲ್ಲನ್ನು ತಿರುವಿ ತಿರುವಿ ನೋಡಿ, ಇದು ಆಕಾಶದಿಂದ ಬಿದ್ದದ್ದೇ ಇರಬೇಕೆಂದು ಒಪ್ಪಿಕೊಂಡರು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಇಣುಕಿದರು. ಬಹಳ ಹೊತ್ತು ಇಣುಕಿದರು. ತಲೆ ಎತ್ತಿ, ಕಲ್ಲಿನ ಜೊತೆಗೇ ಬಂದಿದ್ದ ರೈತನನ್ನು ಕೇಳಿದರು: "ಈ ಕಲ್ಲಿಗೆ ಏನಾದರೂ ಹಾಕಿದ್ದೀರೇನು?"

"ಹಾಕದ ಬಿಡ್ತೇವೇನ್ರಿ?" ಅಂದ ರೈತ. "ಪಂಚಾಮೃತ. ಅದರಾಗ ಮೊಸರು ಮಾಸ್ತರ ಮನೀದು."

ಪ್ರೊಫೆಸರರು ನನ್ನನ್ನು ನೋಡಿದರು. ಹೆಡ್‌ಮಾಸ್ತರರೂ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಇನ್ನು ಮೇಲೆ ಕಲ್ಲಿಗೆ ಒಂದು ಹನಿ ನೀರನ್ನೂ ಸೋಕಿಸಕೂಡದು, ಒಣ ಅರಿವೆಯಲ್ಲಿ ಸುತ್ತಿ ಇಡಬೇಕು, ತಾವು ಯಂತ್ರ ತೆಗೆದುಕೊಂಡು ಮತ್ತೆ ಬರುವುದಾಗಿ ಹೇಳಿ ಪ್ರೊಫೆಸರರು ಹೋದರು. ಮತ್ತೆ ಬರಲಿಲ್ಲ. ರೈತ ಮಾತ್ರ ಅವರ ಅಪ್ಪಣೆಯನ್ನು ದೇವರ ಅಪ್ಪಣೆಯಂತೆ ಪಾಲಿಸಿ, ಕಲ್ಲನ್ನು ಸುತ್ತಿ ಮನೆಯ ಗೋಡೆಯ ಗೂಡಿನಲ್ಲಿಟ್ಟ. ಮೇಲಿಂದ ಹೂವು ಅಷ್ಟೇ. ಸೋಮವಾರದ ಮೊಸರೂ ಅಂದಿಗೆ ನಿಂತಿತು.

ಸಂಜೆ ನಾನು ಬಹಳ ಅಳುಕುತ್ತ, ಮಸೂರದ ಕೆಳಗೆ ಅಲುಗಿದ್ದು ಅವಳ ಮೊಸರಿನ ಜೀವಗಳೇ ಎಂದು ಅವ್ವನಿಗೆ ಹೇಳಿದೆ. ಆಕೆಗೆ ಕಿಂಚಿತ್ತೂ ಬೇಸರವಾಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಂದ್ರ ಊರ ಮಂದೆಲ್ಲಾ ಆರತಿ ಎತ್ತಿದ್ದು ನನ್ನ ತವರಿನವರಿಗೆ."

ಶುಭ್ರವಾದ ಅರಿವೆ

ಬೇಸಿಗೆ ಮುಟ್ಟಿದಾಗ ಹುಕ್ಕೇರಿಗೆ ವರ್ಗವಾಯಿತು. ಅದಕ್ಕೂ ಸ್ವಲ್ಪ ಮೊದಲು ನನ್ನ ಮದುವೆಯಾಗಿತ್ತು. ಅವ್ವ ಮತ್ತೆ ಅರಿವೆ ಅದ್ದಿ ಒಣಗಿಸಿ ಟ್ರಂಕಿನಲ್ಲಿಟ್ಟಳು. ಈ ಸಲ ದಾರಿ ಹೆಚ್ಚೇನಲ್ಲವೆಂದು ಮೊಸರಿನ ಗಡಿಗೆಯನ್ನೂ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಗಡಿಗೆಗೆ ಏನಾದರೂ ಆದರೆ ಅರಿವೆ, ಅರಿವೆಗೆ ಏನಾದರೂ ಆದರೆ ಗಡಿಗೆ.

ನಮ್ಮ ಮುಂದಿನ ಸೀಟಿನಲ್ಲಿ ಬಿಳಿಯ ಕೋಟು ತೊಟ್ಟು, ಕೆಂಪು ರುಮಾಲು ಸುತ್ತಿದ ಹಿರಿಯರೊಬ್ಬರು ಕುಳಿತಿದ್ದರು. ತಮ್ಮನ ಮಗನಿಗೆ ಕನ್ಯೆ ನೋಡಲು ಹೊರಟವರು. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು, ಡ್ರೈವರ ಬ್ರೇಕು ಒತ್ತಿದ, ಗಡಿಗೆ ಅವ್ವನ ತೊಡೆ ಬಿಟ್ಟು ಹಾರಿ ಆ ರುಮಾಲಿನ ಮೇಲೆ ಒಡೆಯಿತು. ಹಿರಿಯರು ಕಣ್ಣಿನ ಮೇಲಿನ ಮೊಸರು ಒರೆಸಿಕೊಂಡು, ಕನ್ಯೆ ನೋಡಲು ಹೋಗುವಾಗ ಮೊಸರಿಗಿಂತ ಶುಭಶಕುನ ಯಾವುದಿದೆ, ಸಂಬಂಧ ಕೂಡಿತೆಂದೇ ತಿಳಿಯಿರಿ ಎಂದರು. ದೊಡ್ಡ ಮನುಷ್ಯರು. ಅವ್ವನೂ ಶಾಂತವಾಗಿಯೇ ಇದ್ದಳು. ಟ್ರಂಕಿನಲ್ಲಿ ಅರಿವೆ ಇತ್ತಲ್ಲ.

ಹುಕ್ಕೇರಿಯ ಮನೆಯಲ್ಲಿ ಟ್ರಂಕು ತೆರೆದೆವು. ಅರಿವೆ ಇತ್ತು. ಬೆಳದಿಂಗಳಿನಂತೆ ಇತ್ತು.

"ಎಷ್ಟ ಚಂದ ಆಗೇತಿ ನೋಡ್ರಿ ಅತ್ತಿ," ಅಂದಳು ನನ್ನ ಹೆಂಡತಿ ಸಂತೋಷದಿಂದ. ಟ್ರಂಕಿನಲ್ಲಿ ಪೂಜೆಯ ಮಡಿಯ ನಡುವೆ ಹುಳಿವಾಸನೆಯ ಅರಿವೆ ಕಂಡಿತಂತೆ. ಹೊರಡುವ ದಿನ ಮುಂಜಾನೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ಒಗೆದು, ಬಿಸಿನೀರಿನ ಚರಿಗೆಯಿಂದ ಇಸ್ತ್ರಿಯನ್ನೂ ಮಾಡಿದ್ದಳು. ಆಕೆ ನಮ್ಮ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ಮೊಸರು ಅರಿವೆಯಲ್ಲಿ ಮಲಗುತ್ತದೆಂದು ಯಾರೂ ಹೇಳಿರಲಿಲ್ಲ.

ಅವ್ವ ಅರಿವೆಯನ್ನು ಮೂಗಿಗೆ ಹಿಡಿದಳು. ಮಡಿಚಿ ಎದೆಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತಳು. ಎರಡು ಲೋಕಗಳ ನಡುವಿನ ಚಳಿಯನ್ನೂ ಬಿಸಿಲನ್ನೂ ತಾಳುವ ಜೀವಗಳು ನನ್ನ ಹೆಂಡತಿಯ ಸಾಬೂನಿಗೆ ತಾಳಿರಲಿಲ್ಲ. ಆಮೇಲೆ ಅವ್ವ ನನ್ನನ್ನು ಹತ್ತಿರ ಕರೆದಳು.

"ತಮ್ಮಾ, ಆ ರುಮಾಲಿನವರು ಯಾವ ಊರವರಂತ ಕೇಳಿದ್ಯಾ?"

ದೇವರ ಮೂಲಕ ಮಾತು

ಕೇಳಿರಲಿಲ್ಲ. ಅವ್ವ ಮೊಸರು ಬಿಟ್ಟಳು. ರೊಟ್ಟಿಗೆ ಚಟ್ನಿ, ಪಲ್ಯ ಅಷ್ಟೇ. ಸೋಮವಾರದ ಎಡೆಯಲ್ಲಿ ಮೊಸರಿನ ಬಟ್ಟಲು ಬರಿದೇ ಇಟ್ಟು, ತನ್ನ ತವರಿನಲ್ಲಿ ಇನ್ನು ಯಾರೂ ಇಲ್ಲವೆಂದು ಶಿವನಿಗೆ ವರದಿ ಒಪ್ಪಿಸಿದಳು. ನಾನು ತುಕ್ಕಾನಟ್ಟಿಗೂ ಹೋಗಿ ಬಂದೆ. ಅಲ್ಲಿ ಚಹಾ ಕೊಟ್ಟರು.

ಹುಕ್ಕೇರಿಯ ಓಣಿ ಒಳ್ಳೆಯದು. ನೆರೆಯ ಹೆಣ್ಣುಮಕ್ಕಳು ತಮ್ಮ ತಮ್ಮ ಮನೆಯ ಹೆಪ್ಪು ತಂದುಕೊಟ್ಟರು. ಒಬ್ಬಾಕೆ ಹಾಲಿಗೆ ಮೆಣಸಿನಕಾಯಿಯ ತೊಟ್ಟು ಹಾಕಿ ನೋಡಿ ಅಂದಳು, ಒಬ್ಬಾಕೆ ಹುಣಸೆಹಣ್ಣು, ಇನ್ನೊಬ್ಬಾಕೆ ಬೆಳ್ಳಿಯ ರೂಪಾಯಿ. ಎಲ್ಲವನ್ನೂ ನನ್ನ ಹೆಂಡತಿ ಒಂದಾದ ಮೇಲೊಂದು ಮಾಡಿದಳು, ಕಣ್ಣೊರೆಸಿಕೊಳ್ಳುತ್ತ ಮಾಡಿದಳು. ಮೊಸರೂ ಆಯಿತು. ಅವ್ವ ಬೆರಳ ತುದಿಯಿಂದ ರುಚಿ ನೋಡಿ, ಚಲೋ ಇದೆ, ಆದರೆ ಇದು ಯಾರ ಮನೆಯದೋ ಎಂದು ಬಟ್ಟಲು ಸರಿಸುತ್ತಿದ್ದಳು.

ಸೊಸೆಗೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಆಕೆಯ ಜೊತೆ ಮಾತನ್ನೇ ಬಿಟ್ಟಳು. ಮನೆಯಲ್ಲಿ ಮೂವರೇ, ನಾನು ಶಾಲೆಗೆ ಹೋದರೆ ಉಳಿಯುವವರು ಇಬ್ಬರು. ಮಾತಾಡದೆ ನಡೆಯುವುದು ಹೇಗೆ? ಅವ್ವ ದೇವರ ಗೂಡಿನ ಕಡೆ ಮುಖ ಮಾಡಿ, "ಶಿವನ, ಸಾರಿಗೆ ಉಪ್ಪು ಕಡಿಮಿ ಆಗೇತಿ ಅಂತ ಯಾರಿಗರೆ ಹೇಳು" ಅನ್ನುತ್ತಿದ್ದಳು. ನನ್ನ ಹೆಂಡತಿ ಒಲೆಯ ಮುಂದಿನಿಂದ, "ಶಿವನ, ಉಪ್ಪಿನ ಭರಣಿ ಅವರ ಬಾಜೂಕ ಐತಿ ಅಂತ ಹೇಳು" ಅನ್ನುತ್ತಿದ್ದಳು.

ಶಿವ ಮೂರು ಕಣ್ಣಿನವನೆಂದು ಗೊತ್ತಿತ್ತು. ಅವನನ್ನು ಟೆಲಿಫೋನಿನಂತೆ ಬಳಸಿದ್ದನ್ನು ಮಾತ್ರ ನಾನು ನಮ್ಮ ಮನೆಯಲ್ಲೇ ಕಂಡದ್ದು.

ಆ ಸಂಜೆಗಳಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಚುಕ್ಕಿಗಳೂ ಒಂದಕ್ಕೊಂದು ಮಾತು ಬಿಟ್ಟಂತೆ ಕಾಣುತ್ತಿದ್ದವು. ಕೆಳಗೆ ಇಬ್ಬರು ಹೆಣ್ಣುಮಕ್ಕಳು ಒಂದೇ ಒಲೆಯ ಎರಡು ಬದಿಗೆ ಕೂತು ಬೇರೆ ಬೇರೆ ಲೋಕದಲ್ಲಿರುವುದನ್ನು ನೆನೆದು, ಇವರ ನಡುವೆಯೂ ಏನನ್ನಾದರೂ ದಾಟಿಸು ತಂದೆ ಎಂದು ಬೇಡಿಕೊಳ್ಳುತ್ತಿದ್ದೆ.

ಹಾಲಿಗೆ ಇಳಿದ ಕಲ್ಲು

ಮಳೆಗಾಲ ಮುಗಿಯುತ್ತ ಬಂದಾಗ ನಾಗನೂರಿನ ರೈತ ಹುಡುಕಿಕೊಂಡು ಹುಕ್ಕೇರಿಗೆ ಬಂದ. ಪಕ್ಕದ ಹೊಲದವನೊಂದಿಗೆ ರಾಜಿಯಾಗಿ, ಬದುವಿನ ಮೇಲೆಯೇ ಇಬ್ಬರೂ ಕೂಡಿ ಕಟ್ಟೆ ಕಟ್ಟಿಸಿದ್ದರು. ಸೋಮವಾರ ಕಲ್ಲನ್ನು ಅಲ್ಲಿ ಕೂರಿಸುವುದು. ಮೊದಲ ಊಟ ಹಾಕಿದ ಅವ್ವ ಬರದಿದ್ದರೆ ಆಗುವುದೇ ಇಲ್ಲವೆಂದ.

ಭಾನುವಾರ ಸಂಜೆಗೆ ನಾವು ಮೂವರೂ ನಾಗನೂರಿನಲ್ಲಿದ್ದೆವು. ರೈತ ಗೂಡಿನಿಂದ ಗಂಟು ತೆಗೆದು ಬಿಚ್ಚಿದ. ಪ್ರೊಫೆಸರರ ಅಪ್ಪಣೆಯಂತೆ ಅಂದಿನಿಂದ ಒಂದು ಹನಿ ನೀರೂ ಸೋಕಿಲ್ಲವೆಂದು ಹೆಮ್ಮೆಯಿಂದ ಹೇಳಿದ. ಕಲ್ಲು ಕಡುಗಪ್ಪಾಗಿ ಕೂತಿತ್ತು. ಕುಳಿಗಳ ತಳದಲ್ಲಿ ಮಾತ್ರ ಸುಣ್ಣ ಮೆತ್ತಿದಂತೆ ಬಿಳಿಯ ಹಕ್ಕಳೆ. ಅವನ ಹೆಂಡತಿ ನಾಳೆ ದೇವರು ಸ್ವಚ್ಛವಾಗಿರಲೆಂದು ಕೊಡದಿಂದ ನೀರು ಬಗ್ಗಿಸಲು ಬಂದಳು.

ಅವ್ವ ಆಕೆಯ ಕೈ ಹಿಡಿದಳು. ಕುಳಿಯನ್ನು ನೋಡಿದಳು, ಮೂಗು ಹತ್ತಿರ ಒಯ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮ್ಮಾ, ಕಲ್ಲಿನ ಹೊಟ್ಟ್ಯಾಗ ಮಲಗಿರತಾವು, ಬೆಚ್ಚಗಾದ್ರ ಏಳತಾವು ಅಂತ ಮಠದಾಗ ಅಷ್ಟ ಮಂದಿ ಮುಂದ ಹೇಳಿದಿ. ಖರೆ ಹೇಳಿದ್ಯೋ, ಸುಮ್ಮನ ಹೇಳಿದ್ಯೋ?"

ಮಠದಲ್ಲಿ ಹೇಳುವುದು ಸುಲಭ. ಮಾಸಿಕದವರು ಆಗಬಹುದು ಅಂದಿದ್ದಾರೆ ಎಂದೆ. ಒಲೆಯ ಹತ್ತಿರ ನಿಂತ ನನ್ನ ಹೆಂಡತಿ ಆಗಲೇ ಕಟ್ಟಿಗೆ ಒಳಗೆ ತಳ್ಳುತ್ತಿದ್ದಳು.

"ಆಗಬಹುದು ಅಂದ್ರ ಸಾಕು," ಅಂದಳು ಅವ್ವ. "ಹಾಲು ಕಾಸ್ರಿ."

ಹಾಲು ಕಾದು, ಬೆರಳಿಗೆ ಹಿತವಾಗುವಷ್ಟು ಆರಿತು. ಕಲ್ಲನ್ನು ದೊಡ್ಡ ಬೋಗೋಣಿಯಲ್ಲಿಟ್ಟು ಮೇಲೆ ಹಾಲು ಸುರಿದರು. ರೈತನಿಗೆ ದೇವರು ಮುಳುಗಿದನಲ್ಲ ಎಂದು ಗಾಬರಿ. ಅಭಿಷೇಕ ಸ್ವಲ್ಪ ಹೆಚ್ಚಾಯಿತೆಂದು ತಿಳಿ ಎಂದು ಅವ್ವ ಸಮಾಧಾನ ಹೇಳಿದಳು. ನನ್ನ ಹೆಂಡತಿ ತಾನಾಗಿಯೇ ಕಂಬಳಿ ತಂದು ಬೋಗೋಣಿಗೆ ಕೂಸಿಗೆ ಹೊದಿಸಿದಂತೆ ಹೊದಿಸಿದಳು. ಅವ್ವ ನೋಡಿದಳು. ಅಂಗಳದಿಂದ ಮೇಲೆ ನೋಡಿದರೆ ಆಗತಾನೇ ಚುಕ್ಕಿಗಳು ಮೂಡುತ್ತಿದ್ದವು. ಅಷ್ಟು ದೊಡ್ಡ ಕತ್ತಲಲ್ಲಿ ಎಷ್ಟು ಕಲ್ಲುಗಳು, ಯಾರ ಯಾರ ತವರನ್ನು ಹೊತ್ತು, ಯಾವ ಒಲೆಯ ಬಿಸಿಗಾಗಿ ತೇಲುತ್ತಿವೆಯೋ.

ಬೆಳಗಿನ ಪೂಜೆಗೆ ಸ್ನಾನ ಮಾಡಿ ಬರುವಷ್ಟರಲ್ಲಿ ರೈತ ಕೂಗುತ್ತ ಎದುರು ಬಂದ.

"ಮಾಸ್ತರ, ದೇವರು ಹೆಪ್ಪಾಗ್ಯಾನ್ರಿ."

ಬೋಗೋಣಿಯ ತುಂಬ ಗಟ್ಟಿ ಮೊಸರು, ಕುಂಕುಮದಿಂದ ಅಲ್ಲಲ್ಲಿ ಗುಲಾಬಿ. ಅವ್ವ ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿದಳು. ನಾವೆಲ್ಲ ಕಾದೆವು. ಕಣ್ಣು ತೆರೆದು ಶಿವನ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನೇರ ಸೊಸೆಯನ್ನು ನೋಡಿ ಹೇಳಿದಳು: "ಕೈ ಒಡ್ಡವಾ."

ಆಕೆಯ ಅಂಗೈಗೆ ಮೊಸರು ಹಾಕಿದಳು. ನನ್ನ ಹೆಂಡತಿ ರುಚಿ ನೋಡಿದಳು.

"ಅದ ಐತ್ರಿ ಅತ್ತಿ," ಅಂದಳು. ಅಳುತ್ತ ಅಂದಳು. ಆಮೇಲೆ ಸ್ವಲ್ಪ ತಡೆದು, "ಸ್ವಲ್ಪ ವಿಭೂತಿ ಹತ್ತತೈತಿ."

ಅವ್ವ ನಕ್ಕುಬಿಟ್ಟಳು. ಕಟ್ಟೆಯ ಮುಹೂರ್ತ ಮೀರುತ್ತಿದೆಯೆಂದು ಹೊರಗಿನಿಂದ ಕೂಗುತ್ತಿದ್ದರು; ಒಳಗೆ ಅತ್ತೆ ಸೊಸೆ ಮೊಣಕೈಮಟ ಮೊಸರಿನಲ್ಲಿ ಕೈ ಹಾಕಿ, ಜಾರಿ ಜಾರಿ ಹೋಗುವ ದೇವರನ್ನು ಹಿಡಿಯುತ್ತ, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಅಂದು ದೇವರನ್ನು ಕೂರಿಸಿ, ಎಡೆ ಮಾಡಿ, ಸಂಜೆಗೆ ಹುಕ್ಕೇರಿ ಮುಟ್ಟಿದೆವು. ನೆಲುವಿನ ಮೇಲೆ ಹೊಸ ಗಡಿಗೆ. ಅವ್ವ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಅಷ್ಟರಲ್ಲಿ ಬಾಜೂ ಮನೆಯಾಕೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತು, ಆಕಾಶದ ಹೆಪ್ಪು ಬಂದಿದೆಯಂತೆ, ತನಗೂ ಒಂದು ಚಮಚೆ ಸಿಕ್ಕೀತೇ ಎಂದು ಕೇಳಿದಳು. ಪಾಪ, ಆಕೆಗೆ ಹೊತ್ತಿನ ಪರಿವೆ ಇರಲಿಲ್ಲ. ನಾನು ದೀಪವನ್ನು ನೋಡಿದೆ. ಅವ್ವನೂ ದೀಪವನ್ನು ನೋಡಿದಳು. ಬಾಗಿಲಾಚೆಯ ಆಕಾಶವನ್ನು ನೋಡಿದಳು. ಎದ್ದು ಗಡಿಗೆ ಇಳಿಸಿದಳು.

"ಒಯ್ಯವಾ. ಲೋಕ ಬಿಟ್ಟು ಲೋಕಕ್ಕ ಹೋಗೂವು ಇವು. ನನ್ನ ಹೊಸ್ತಿಲಕ್ಕ ಬಂದು ನಿಂದರತಾವೇನು?"

ಬಟ್ಟಲು ತುಂಬಿಸಿ, ಅಷ್ಟಕ್ಕೇ ಬಿಡದೆ ಒಂದು ಅರಿವೆಯ ತುಣುಕನ್ನೂ ಅದ್ದಿ ಆಕೆಯ ಕೈಗೆ ಕೊಟ್ಟಳು. ಓಣಿಯ ಪ್ರತಿ ಮನೆಯಲ್ಲೂ ಒಂದೊಂದು ಇರಲಿ, ಎಲ್ಲಿಯಾದರೂ ಒಂದು ಉಳಿಯುತ್ತದೆ ಎಂದಳು. "ನೆರಳಿನ್ಯಾಗ ಒಣಗಿಸಿ ಜ್ವಾಕಿಯಿಂದ ಇಡು. ಮತ್ತ, ನನ್ನ ಸೊಸಿ ಕೈಗೆ ಸಿಗೂಹಂಗ ಮಾತ್ರ ಇಡಬ್ಯಾಡ."

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬಂತು:

"ಶಿವನ, ಮನ್ಯಾಗ ಸಾಬೂನು ತೀರೇತಿ ಅಂತ ನಮ್ಮತ್ತಿಗೆ ಹೇಳು."